ಬೇಲಿ ಆಚೆನೂ ಇಂಡಿಯಾನೇ

ಟೀವಿಯಲ್ಲಿ ಗಡಿ ಅಂತ ತೋರಿಸುವಾಗ ಯಾವಾಗ್ಲೂ ಅದೇ ಶಾಟ್. ಎತ್ತರದ ತಂತಿ ಬೇಲಿ, ಮೇಲೆ ಸುರುಳಿ ಸುತ್ತಿದ ಮುಳ್ಳು, ಫ್ಲಡ್‌ಲೈಟು, ಬೈನಾಕ್ಯುಲರ್ ಹಿಡಿದ ಒಬ್ಬ ಜವಾನ. ಬೇಲಿ ಆಚೆ ಕಾಣೋ ಹಸಿರು ಹೊಲ ಪಾಕಿಸ್ತಾನದ್ದು ಅಂತ ನೋಡೋರು ಅವರವರೇ ಲೆಕ್ಕ ಹಾಕ್ಕೊಂಡಿರ್ತಾರೆ, ಆಂಕರ್ ಕೂಡ ಹಾಗೇ ಕಿರುಚ್ತಿರ್ತಾನೆ. ಆದ್ರೆ ಪಂಜಾಬಲ್ಲಿ ಆ ಹೊಲ ಬಹಳ ಕಡೆ ನಮ್ದೇ. ಬೇಲಿ ಹಾಕಿರೋದು ಗಡಿ ಗೆರೆ ಮೇಲೆ ಅಲ್ಲ, ಅದಕ್ಕಿಂತ ಒಳಗೆ, ಕೆಲವು ಕಡೆ ನೂರಾರು ಮೀಟರ್ ಒಳಗೆ. ಬೇಲಿಗೂ ಝೀರೋ ಲೈನಿಗೂ, ಅಂದ್ರೆ ನಿಜವಾದ ಗಡಿ ಗೆರೆಗೂ, ಮಧ್ಯೆ ಪಂಜಾಬಿನ ರೈತರ ಸುಮಾರು 21 ಸಾವಿರ ಎಕರೆ ಸಿಕ್ಕಿಹಾಕ್ಕೊಂಡಿದೆ. ಖಾತೆ ಅವರ ಹೆಸರಲ್ಲೇ ಇದೆ, ಉಳೋರು ಅವರೇ, ಆದ್ರೆ ಸ್ವಂತ ಹೊಲಕ್ಕೆ ಹೋಗ್ಬೇಕಂದ್ರೆ ಕಾರ್ಡ್ ತೋರಿಸಿ, ರಿಜಿಸ್ಟರಲ್ಲಿ ಹೆಸರು ಬರೆಸಿ, ಟ್ರ್ಯಾಕ್ಟರ್ ಚೆಕ್ ಮಾಡಿಸಿ ಹೋಗ್ಬೇಕು, ಸಂಜೆಗೆ ಮುಂಚೆ ವಾಪಸ್ ಬಂದುಬಿಡ್ಬೇಕು. ಇದು ನನ್ನ ತಲೇಲಿ ಒಂದ್ಸಲ ಹೊಕ್ಕಿದ್ದು ಆಮೇಲೆ ಹೊರಗೇ ಹೋಗಿಲ್ಲ. ಆ ಗಡಿಯಲ್ಲೇ ಇರೋ ತರನ್ ತಾರನ್ ಜಿಲ್ಲೆ ಬಗ್ಗೆ ಏನೇ ಸುದ್ದಿ ಬಂದ್ರೂ, ಡ್ರೋನ್ ಇರಲಿ ಎಲೆಕ್ಷನ್ ಇರಲಿ, ನಾನು ಆ ಗೇಟಿನ ಕಡೆಯಿಂದಾನೇ ಅದನ್ನ ಓದೋ ಹಾಗಾಗಿದೆ.

ನಾನು ಅಲ್ಲಿಗೆ ಹೋಗಿದ್ದು ಮದುವೆಗೆ. ಬೆಂಗಳೂರಲ್ಲಿ ನನ್ನ ಜೊತೆ ರೂಮಲ್ಲಿದ್ದ ಒಬ್ಬ ಹುಡುಗ ಭಿಖೀವಿಂಡ್ ಕಡೆಯವನು, ಅವನ ತಂಗಿ ಮದುವೆ. ಊರಿನ ಹೆಸರು ಬೇಡ, ಚಿಕ್ಕ ಊರು, ಬರೆದ್ರೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತೆ. ಮದುವೆ ಗದ್ದಲ ಮುಗಿದ ಮೇಲೂ ಉಳ್ಕೊಂಡೆ, ಚಳಿಗಾಲ, ಮಂಜು, ದಿನಾ ಸಾಗ್ ಮತ್ತೆ ಮಕ್ಕಿ ರೋಟಿ, ಬೆಲ್ಲದ ಟೀ. ಅಲ್ಲಿ ಯಾರಿಗೆ ಕರ್ನಾಟಕ ಅಂದ್ರೂ ಬೆಂಗಳೂರು ಅಂತ ಬರಲ್ಲ, ಮೊದಲು ಬರೋ ಮಾತು ಬೀದರ್. ಗುರುನಾನಕರು ಬಂದು ಹೋದ ಜಾಗ, ನಾನಕ್ ಝೀರಾ ಗುರುದ್ವಾರ, 1699ರ ಬೈಸಾಖಿಯಲ್ಲಿ ಗುರು ಗೋಬಿಂದ್ ಸಿಂಗ್ ಕೇಳಿದಾಗ ತಲೆ ಕೊಡೋಕೆ ಎದ್ದು ನಿಂತ ಐದು ಜನರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಹಳ್ಳಿಯ ಮುದುಕರಿಗೆ ಇದೆಲ್ಲ ಬಾಯಿಪಾಠ. "ಬೀದರ್ ಸಾಹಿಬ್‌ನವನಾ ನೀನು" ಅಂತ ಒಬ್ಬರು ತಲೆ ಮೇಲೆ ಕೈ ಇಟ್ರು. ನಾನು ಮಂಡ್ಯದವನು, ಬೀದರ್ ನಮ್ಮೂರಿಂದ ಏಳುನೂರು ಕಿಲೋಮೀಟರಿಗೆ ಕಮ್ಮಿ ಇಲ್ಲ ಅಂತ ಹೇಳೋಕೆ ಹೋಗ್ಲಿಲ್ಲ, ಸಿಗೋ ಗೌರವ ಯಾಕೆ ಬಿಡ್ಲಿ.

ಆದ್ರೆ ಅದೇ ಸಂಜೆ ಬೆಂಕಿ ಸುತ್ತ ಕೂತಾಗ ಇನ್ನೊಬ್ಬರು, ನನ್ನ ಫ್ರೆಂಡಿನ ದೂರದ ಸಂಬಂಧಿ, ಬೀದರ್ ಅಂದ ತಕ್ಷಣ ಸುಮ್ನಾದ್ರು. ಆಮೇಲೆ ಬಹಳ ಹೊತ್ತಾದ್ಮೇಲೆ ಅವರೇ ಹೇಳಿದ್ರು, 1988ರಲ್ಲಿ ಅವರ ಅಣ್ಣ ಬೀದರಲ್ಲಿ ಇಂಜಿನಿಯರಿಂಗ್ ಓದ್ತಿದ್ದ. ಊರಲ್ಲಿ ಇದ್ರೆ ಹುಡುಗನ್ನ ಒಂದೋ ಖಾಡ್ಕೂಗಳು, ಅಂದ್ರೆ ಬಂದೂಕು ಹಿಡಿದ ಉಗ್ರರು, ಕರ್ಕೊಂಡು ಹೋಗ್ತಾರೆ ಇಲ್ಲ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ, ದೂರ ಇರಲಿ, ಬದುಕ್ಕೊಳ್ಲಿ ಅಂತ ಅಪ್ಪ ಜಮೀನು ಒತ್ತೆ ಇಟ್ಟು ಕಳಿಸಿದ್ರಂತೆ. ಆ ವರ್ಷ ಸೆಪ್ಟೆಂಬರಲ್ಲಿ ಬೀದರಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ಗುಂಪು ಬಿತ್ತು, ಹುಡುಗರನ್ನ ಕೊಂದ್ರು. ಇವರ ಅಣ್ಣ ಒಂದು ಮನೆಯವರು ಬಚ್ಚಿಟ್ಟಿದ್ರಿಂದ ಉಳಿದ, ರೈಲು ಹತ್ತಿ ವಾಪಸ್ ಬಂದ, ಕೋರ್ಸ್ ಮುಗಿಸ್ಲೇ ಇಲ್ಲ. "ಬಚ್ಚಿಟ್ಟೋರು ಕೂಡ ನಿಮ್ಮೋರೇ" ಅಂದ್ರು, ನನಗೆ ಬೇಜಾರಾಗ್ಬಾರ್ದು ಅಂತ. ನಮ್ಮಲ್ಲಿ ಈ ಘಟನೆ ಎಷ್ಟು ಜನಕ್ಕೆ ನೆನಪಿದೆ ಹೇಳಿ. ಪಂಜಾಬಿನ ಭಯೋತ್ಪಾದನೆ ಬಗ್ಗೆ ಮಾತಾಡೋ ನನ್ನ ತಲೆಮಾರಿನವರಿಗೆ ನಮ್ಮದೇ ರಾಜ್ಯದ ಒಂದು ಜಿಲ್ಲಾ ಕೇಂದ್ರದಲ್ಲಿ ಏನಾಯ್ತು ಅನ್ನೋದು ಪಾಠದಲ್ಲೂ ಇಲ್ಲ, ಹರಟೆಯಲ್ಲೂ ಇಲ್ಲ.

ಗೇಟು

ಫ್ರೆಂಡಿನ ಚಾಚಾ, ಅಂದ್ರೆ ಚಿಕ್ಕಪ್ಪ, ಒಂದಿನ ಬೆಳಿಗ್ಗೆ ತಾರೋಂ ಪಾರ್ ಹೋಗ್ತೀನಿ, ಗೇಟ್ ತನಕ ಬಾ ಅಂದ್ರು. ತಾರೋಂ ಪಾರ್, ಅಂದ್ರೆ ತಂತಿಯಾಚೆ. ಅಲ್ಲಿ ಹೊಲಗಳ ಗುರುತೇ ಹಾಗೆ, ನಾವು ಕೆರೆ ಕೆಳಗಿನ ಗದ್ದೆ, ದಿಣ್ಣೆ ಹೊಲ ಅಂತೀವಲ್ಲ, ಹಾಗೆ ಮಾಮೂಲಾಗಿ ಹೇಳ್ತಾರೆ. ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತು ಹೋದೆ. ಮಂಜು ಎಷ್ಟಿತ್ತಂದ್ರೆ ಟ್ರ್ಯಾಕ್ಟರಿನ ಮೂತಿ ಕೂಡ ಸರಿಯಾಗಿ ಕಾಣ್ತಿರಲಿಲ್ಲ. ಗೇಟ್ ಹತ್ರ ಆಗಲೇ ಸಾಲು ನಿಂತಿತ್ತು, ಟ್ರ್ಯಾಕ್ಟರುಗಳು, ಸೈಕಲ್ಲಿಗೆ ಸ್ಪ್ರೇ ಕ್ಯಾನ್ ಕಟ್ಟಿಕೊಂಡವರು, ಶಾಲು ಹೊದ್ದ ಹೆಂಗಸರು, ಬಿಹಾರದ ಕೂಲಿಯವರು. ಟೈಮು ಒಂಬತ್ತು ಅಂತ ಇದ್ರೂ ಮಂಜು ಕರಗೋ ತನಕ ಗೇಟ್ ತೆಗೆಯೋ ಹಾಗಿಲ್ಲ, ಆಚೆ ಹೋದವರ ಮೇಲೆ ಕಣ್ಣಿಡೋಕೆ ಆಗಲ್ವಲ್ಲ. ಯಾರೂ ಗೊಣಗ್ಲಿಲ್ಲ. ಒಬ್ಬ ಮುದುಕ ಟ್ರ್ಯಾಲಿಯಲ್ಲಿ ಗೋಣಿಚೀಲ ಹಾಸ್ಕೊಂಡು ಮಲಗೇ ಬಿಟ್ಟಿದ್ದ.

ಹನ್ನೊಂದರ ಹತ್ರ ಗೇಟ್ ತೆಗೆದ್ರು. ಒಬ್ಬೊಬ್ಬರದ್ದೇ ಕಾರ್ಡ್, ರಿಜಿಸ್ಟರಲ್ಲಿ ಹೆಸರು, ಎಷ್ಟು ಜನ, ಯಾವ ಹೊಲ. ಟ್ರ್ಯಾಕ್ಟರಿನ ಟೂಲ್ ಬಾಕ್ಸ್ ತೆಗೆಸಿದ್ರು, ಸೀಟ್ ಎತ್ತಿಸಿದ್ರು, ಚಾಚಾ ತಂದಿದ್ದ ಯೂರಿಯಾ ಚೀಲಕ್ಕೆ ಕಬ್ಬಿಣದ ಕಡ್ಡಿ ಚುಚ್ಚಿ ನೋಡಿದ್ರು, ಊಟದ ಡಬ್ಬಿ ಮುಚ್ಚಳ ತೆಗೆದು ಮುಚ್ಚಿದ್ರು. ಹೆಂಗಸರಿಗೆ ಬೇರೆ ಹೆಂಗಸು ಕಾನ್‌ಸ್ಟೇಬಲ್. ಚಾಚಾಗೆ ಎಪ್ಪತ್ತರ ಹತ್ರ ವಯಸ್ಸು, ಅವರಪ್ಪನ ಕಾಲದಿಂದ ಉಳ್ತಿರೋ ಹೊಲ, ಎರಡೂ ಕೈ ಮೇಲೆತ್ತಿ ನಿಂತ್ಕೊಂಡು ತಟ್ಟಿಸ್ಕೊಂಡ್ರು. ಮುಖದಲ್ಲಿ ಏನೂ ಇರ್ಲಿಲ್ಲ, ಬೇಜಾರೂ ಇಲ್ಲ ಸಿಟ್ಟೂ ಇಲ್ಲ. ನನಗೆ ಮಾತ್ರ ಕಣ್ಣು ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ.

ನನಗಂತೂ ಒಳಗೆ ಹೋಗೋಕೆ ಇಲ್ಲ, ಕಾರ್ಡ್ ಇಲ್ಲ. ಈಚೆನೇ ನಿಂತಿದ್ದೆ. ರಿಜಿಸ್ಟರ್ ಬರೀತಿದ್ದ ಜವಾನ ನನ್ನ ಆಧಾರ್ ನೋಡಿ, ಮತ್ತೊಮ್ಮೆ ನೋಡಿ, "ಏನ್ರೀ, ಇಲ್ಲೀತನಕ ಬಂದೀರಲ್ಲ" ಅಂದ. ಬಾಗಲಕೋಟೆ ಕಡೆಯವನು. ಆಮೇಲೆ ಹತ್ತು ನಿಮಿಷ ಬರೀ ಚಳಿ ಬಗ್ಗೆ, ರೊಟ್ಟಿ ಬಗ್ಗೆ, ಅವನ ಮಗಳ ಸ್ಕೂಲ್ ಬಗ್ಗೆ. ಅವನೂ ಗಂಟೆಗಟ್ಟಲೆ ನಿಂತೇ ಇರೋದು, ರಾತ್ರಿ ಮತ್ತೆ ಡ್ಯೂಟಿ. "ಇವ್ರನ್ನ ಚೆಕ್ ಮಾಡೂದಂದ್ರ ನಮಗೂ ಒಂಥರಾ ಆಗ್ತದರೀ, ಆದ್ರ ಸಾವಿರದಾಗ ಒಬ್ಬಾವ ತರ್ತಾನ, ಆ ಒಬ್ಬಾವ ಯಾರಂತ ಮಾರಿ ನೋಡಿ ಹೆಂಗ ಹೇಳೂದು" ಅಂದ. ಅವನ ಮಾತು ತಪ್ಪು ಅನ್ನೋಕಾಗಲ್ಲ. ಆದ್ರೆ ಆ ಸಾವಿರದಲ್ಲಿ ಉಳಿದ ಒಂಬೈನೂರ ತೊಂಬತ್ತೊಂಬತ್ತು ಜನ ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಕೈ ಎತ್ತಿ ನಿಲ್ತಿದ್ದಾರಲ್ಲ, ಅದು ಮನುಷ್ಯನ ಒಳಗೆ ಏನು ಮಾಡುತ್ತೆ ಅನ್ನೋದು ಯಾವ ರಿಜಿಸ್ಟರಲ್ಲೂ ಬರಲ್ಲ.

ಬೇಲಿಯಾಚೆ ಏನು ಬೆಳೀಬೇಕು ಅನ್ನೋದಕ್ಕೂ ರೂಲ್ಸ್ ಇದೆ. ಎತ್ತರ ಬೆಳೆಯೋದು ಯಾವುದೂ ಬೇಡ, ಕಬ್ಬು ಬೇಡ, ಜೋಳ ಬೇಡ, ಯಾರಾದ್ರೂ ಅವಿತ್ಕೋಬೋದು. ಹಂಗಾಗಿ ಗೋಧಿ, ಭತ್ತ, ಮತ್ತೆ ಗೋಧಿ. ಅಂತರ್ಜಲ ಪಾತಾಳಕ್ಕೆ ಹೋಗಿದೆ, ಭತ್ತ ಬಿಡಿ ಅಂತ ಸರ್ಕಾರ ಮೀಟಿಂಗಲ್ಲಿ ಹೇಳುತ್ತೆ, ಗೇಟಲ್ಲಿ ಬೇರೆ ಏನು ಬೆಳೆಯೋಕೂ ಬಿಡಲ್ಲ. ರಾತ್ರಿ ಕಾವಲು ಕೂರೋ ಹಾಗಿಲ್ಲ, ಕಾಡುಹಂದಿಗಳು ಆ ಕಡೆಯಿಂದ ಬಂದು ತಿಂದು ಹೋಗ್ತವೆ, ಹಂದಿಗೆ ಯಾವ ಕಾರ್ಡೂ ಬೇಡ. ಎಕರೆಗೆ ವರ್ಷಕ್ಕೆ 10 ಸಾವಿರ ಪರಿಹಾರ ಅಂತ ಇದೆ, ಅದೂ ಹೈಕೋರ್ಟ್ ಮೆಟ್ಟಿಲು ಹತ್ತಿ ಬಡಿದಾಡಿದ ಮೇಲೆ, ಬಂದ್ರೆ ಬಂತು.

ಲಾಹೋರ್ ಜಿಲ್ಲೆಯ ಊರುಗಳು

ಜಿಲ್ಲೆ ಹೊಸದು. 2006ರಲ್ಲಿ, ಸಿಖ್ಖರ ಐದನೇ ಗುರು ಅರ್ಜನ್ ದೇವ್ ಬಲಿದಾನಕ್ಕೆ 400 ವರ್ಷ ಆದಾಗ ಅಮೃತಸರದಿಂದ ಬೇರೆ ಮಾಡಿದ್ದು. 2011ರ ಜನಗಣತಿ ಪ್ರಕಾರ 11 ಲಕ್ಷ 19 ಸಾವಿರ ಜನ, ಅದರಲ್ಲಿ ಸಿಖ್ಖರು ನೂರಕ್ಕೆ 93. ಪಂಜಾಬಲ್ಲಿ ಇನ್ಯಾವ ಜಿಲ್ಲೆಯಲ್ಲೂ ಇಷ್ಟಿಲ್ಲ. ಈ 93 ಅನ್ನೋ ನಂಬರನ್ನ ಜನ ಎರಡು ಥರ ಉಪಯೋಗಿಸ್ತಾರೆ, ಒಬ್ರು ಹೆಮ್ಮೆಗೆ, ಇನ್ನೊಬ್ರು ಅನುಮಾನಕ್ಕೆ. ಅದು ಹೇಗೆ 93 ಆಯ್ತು ಅಂತ ಕೇಳೋರು ಕಮ್ಮಿ.

ಪಟ್ಟಿ, ಖೇಮ್ ಕರಣ್, ವಲ್ಟೋಹಾ ಈ ಭಾಗ 1947ರ ತನಕ ಅಮೃತಸರಕ್ಕೂ ಸೇರಿರ್ಲಿಲ್ಲ. ಲಾಹೋರ್ ಜಿಲ್ಲೆ, ಕಸೂರ್ ತಾಲೂಕು. ಕೋರ್ಟ್ ಕೇಸಿಗೆ ಲಾಹೋರು, ಸಂತೆಗೆ ಕಸೂರು, ಹರಕೆಗೆ ಕಸೂರಲ್ಲಿರೋ ಸೂಫಿ ಕವಿ ಬುಲ್ಲೇ ಶಾ ದರ್ಗಾ, ಮುಸ್ಲಿಮರಷ್ಟೇ ಅಲ್ಲ ಎಲ್ಲರೂ ಹೋಗ್ತಿದ್ರು. ಅಮೃತಸರದಿಂದ ಪಟ್ಟಿ, ಖೇಮ್ ಕರಣ್ ಮೇಲೆ ಹಾದು ಕಸೂರಿಗೆ ರೈಲಿತ್ತು. ರ್‍ಯಾಡ್‌ಕ್ಲಿಫ್ ಗೆರೆ ಪ್ರಕಟ ಆಗಿದ್ದು ಆಗಸ್ಟ್ 17ಕ್ಕೆ, ಅಂದ್ರೆ ಸ್ವಾತಂತ್ರ್ಯ ಬಂದು ಎರಡು ದಿನ ಆದ್ಮೇಲೆ, ಅಷ್ಟು ದಿನ ತಾವು ಯಾವ ದೇಶದಲ್ಲಿದ್ದೀವಿ ಅಂತ ಆ ಊರುಗಳಿಗೆ ಅಧಿಕೃತವಾಗಿ ಗೊತ್ತಿರ್ಲಿಲ್ಲ. ಕಸೂರ್ ತಾಲೂಕು ಎರಡು ತುಂಡಾಯ್ತು. ಈ ಕಡೆಯ ಮುಸ್ಲಿಮರು ಆ ಕಡೆಗೆ, ಆ ಕಡೆಯ ಸಿಖ್ಖರು ಹಿಂದೂಗಳು ಈ ಕಡೆಗೆ, ಹೋಗೋವಾಗ ಸತ್ತೋರು ಲೆಕ್ಕಕ್ಕೆ ಸಿಗ್ದೋರು. 93ರ ಹಿಂದಿರೋದು ಇದು. ಸಂತೆ ಊರು ಆ ಕಡೆ ಉಳೀತು, ಸಂತೆಗೆ ಹೋಗೋರು ಈ ಕಡೆ. ರೈಲು ಈಗ ಖೇಮ್ ಕರಣ್‌ನಲ್ಲಿ ನಿಂತುಬಿಡುತ್ತೆ, ಮುಂದಕ್ಕೆ ಊರೇ ಇಲ್ಲ ಅನ್ನೋ ಹಾಗೆ. ಪಟ್ಟಿಯಿಂದ ಇನ್ನೊಂದು ದಿಕ್ಕಿಗೆ, ಮಖೂ ಕಡೆಗೆ, ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ಹಳಿ ಹಾಕಿದ್ರೆ ಫಿರೋಜ್‌ಪುರಕ್ಕೆ ಕೂಡುತ್ತೆ, ಆ ಇಪ್ಪತ್ತೈದು ಕಿಲೋಮೀಟರ್ ಬಗ್ಗೆ ಎಷ್ಟು ಎಲೆಕ್ಷನ್ ಭಾಷಣ ಆಗಿವೆಯೋ ದೇವರಿಗೇ ಗೊತ್ತು.

ತರನ್ ತಾರನ್ ಪೇಟೆಯ ಕಥೆ ಬೇರೆ, ಅದು ಹಳೇದು. ಗುರು ಅರ್ಜನ್ ಕಟ್ಟಿಸಿದ ಊರು, ಅಲ್ಲಿನ ಸರೋವರ ಸ್ವರ್ಣಮಂದಿರದ್ದಕ್ಕಿಂತ ದೊಡ್ಡದು. ಸರೋವರಕ್ಕೆ ಅಂತ ಸುಟ್ಟ ಇಟ್ಟಿಗೆಯನ್ನ ಅಲ್ಲಿನ ಅಧಿಕಾರಿಯ ಕಡೆಯವರು ಹೊತ್ಕೊಂಡು ಹೋಗಿ ನೂರುದ್ದೀನ್ ಅನ್ನೋ ಜಾಗದಲ್ಲಿ ಸರಾಯ್, ಅಂದ್ರೆ ದಾರಿಹೋಕರ ಛತ್ರ, ಕಟ್ಕೊಂಡ್ರು ಅಂತ ಕಥೆ. ಹೆಚ್ಚು ಕಮ್ಮಿ ಇನ್ನೂರು ವರ್ಷ ಆದ್ಮೇಲೆ, 18ನೇ ಶತಮಾನದಲ್ಲಿ ಸಿಖ್ ಸೇನಾ ಪಂಗಡಗಳ, ಅಂದ್ರೆ ಮಿಸಲ್‌ಗಳ ಕೈಗೆ ಅಧಿಕಾರ ಬಂದಾಗ, ಜಸ್ಸಾ ಸಿಂಗ್ ರಾಮ್‌ಗಢಿಯಾ ಕಡೆಯವರು ಆ ಛತ್ರ ಕೆಡವಿ ಇಟ್ಟಿಗೆ ವಾಪಸ್ ತಂದು ಸರೋವರಕ್ಕೆ ಹಾಕಿದ್ರು. ನನಗೆ ಬಹಳ ಇಷ್ಟವಾದ ಕಥೆ ಇದು, ಎಷ್ಟು ತಲೆಮಾರು ಆ ಇಟ್ಟಿಗೆ ಲೆಕ್ಕ ನೆನಪಿಟ್ಕೊಂಡಿದ್ರು ನೋಡಿ. ಅದೇ ಊರಲ್ಲಿ 2019ರ ಮಾರ್ಚಲ್ಲಿ, ಒಂದು ರಾತ್ರಿ, ರಣಜಿತ್ ಸಿಂಗ್ ಮನೆತನದ ಕಾಲದ ದರ್ಶನಿ ಡಿಯೋಢಿ ಅನ್ನೋ ಹೆಬ್ಬಾಗಿಲನ್ನ ಜೀರ್ಣೋದ್ಧಾರ ಮಾಡ್ತೀವಿ ಅಂತ ಗುರುದ್ವಾರದ ಕಟ್ಟಡ ಕೆಲಸ ಮಾಡೋ ಕಾರ್ ಸೇವೆಯವರೇ ಒಡೆಯೋಕೆ ಶುರು ಮಾಡಿದ್ರು. ಊರವರು ಎದ್ದು ಬಂದು ಗಲಾಟೆ ಮಾಡಿದ್ಮೇಲೆ ನಿಂತಿತು. ಹಳೇದನ್ನ ಒಡೆದು ಮಾರ್ಬಲ್ ಹಾಕೋ ಚಟ ನಮ್ಮ ದೇವಸ್ಥಾನ ಕಮಿಟಿಗಳಿಗೆ ಮಾತ್ರ ಅಂತ ಅಂದ್ಕೋಬೇಡಿ.

ಗೋಯಿಂದ್ವಾಲ್‌ನ ಬಾವೋಲಿ ಅನ್ನೋ ಮೆಟ್ಟಿಲುಬಾವಿ, ಅದರ 84 ಮೆಟ್ಟಿಲು, ಖಡೂರ್ ಸಾಹಿಬ್, ಎರಡನೇ ಗುರು ಅಂಗದ್ ಇದ್ದ ಊರು, ಎಲ್ಲ ಇದೇ ಜಿಲ್ಲೆ. ಯಾತ್ರೆಗೆ ಹೋಗೋರಿಗೆ ದಾರಿ ಗೊತ್ತೇ ಇರುತ್ತೆ, ಬಿಡಿ.

ಟ್ಯಾಂಕುಗಳು

1965ರ ಬಗ್ಗೆ ಅಲ್ಲಿ ಯಾರನ್ನ ಕೇಳಿದ್ರೂ ಮೊದಲು ಹೇಳೋದು ನೀರಿನ ಬಗ್ಗೆ. ಸೆಪ್ಟೆಂಬರ್ 8ಕ್ಕೆ ಪಾಕಿಸ್ತಾನದ ಆರ್ಮರ್ಡ್ ಡಿವಿಜನ್ ಖೇಮ್ ಕರಣ್ ದಾಟಿ ಒಳಗೆ ಬಂತು, ಅಮೆರಿಕದ ಪ್ಯಾಟನ್ ಟ್ಯಾಂಕುಗಳು. ನಮ್ಮವರು ಅಸಲ್ ಉತ್ತರ್ ಹತ್ರ ಹಿಂದೆ ಸರಿದು ಕುದುರೆಲಾಳದ ಆಕಾರದಲ್ಲಿ ಕೂತು, ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ರು, ಕಬ್ಬಿನ ಗದ್ದೆಗಳಲ್ಲಿ ಅವಿತ್ರು, ಭಾರದ ಟ್ಯಾಂಕುಗಳು ಕೆಸರಲ್ಲಿ ಹೂತು ಸಾಲಾಗಿ ಸಿಕ್ಕಿಬಿದ್ವು. ನಮ್ಮ ಲೆಕ್ಕದಲ್ಲಿ 97. ಜೀಪಿನ ಮೇಲೆ ರಿಕಾಯಿಲ್‌ಲೆಸ್ ಗನ್ ಇಟ್ಕೊಂಡು ಒಂದರ ಹಿಂದೆ ಒಂದು ಟ್ಯಾಂಕ್ ಹೊಡೆದ ಅಬ್ದುಲ್ ಹಮೀದ್ ಸತ್ತಿದ್ದು 10ಕ್ಕೆ, ಪರಮವೀರ ಚಕ್ರ, ಸಮಾಧಿ ಅಲ್ಲೇ ಇದೆ. ಹಿಡಿದ ಟ್ಯಾಂಕುಗಳನ್ನೆಲ್ಲ ತಂದು ಭಿಖೀವಿಂಡ್ ಹತ್ರ ನಿಲ್ಲಿಸಿ ಪ್ಯಾಟನ್ ನಗರ ಅಂತ ಹೆಸರಿಟ್ಟಿದ್ರು. ಇದೇ ಯುದ್ಧದ ಕೊನೆಗೆ ಕಸೂರ್ ಕಡೆ ದಾಳಿಗೆ ಹೋದ ಹಂಟರ್ ವಿಮಾನ ಬಿದ್ದು ಸೆರೆ ಸಿಕ್ಕವರು ನಮ್ಮ ಕೊಡಗಿನ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ, ಜನರಲ್ ಕಾರ್ಯಪ್ಪನವರ ಮಗ. ಮಗನನ್ನ ಬೇರೆಯಾಗಿ ಬಿಡಿಸ್ಕೊಳ್ಳೋಕೆ ಅಪ್ಪ ಒಪ್ಪದ ಕಥೆ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು, ಅದು ನಡೆದ ಜಾಗ ಈ ಬಯಲು ಅನ್ನೋದು ಅಲ್ಲಿ ನಿಂತಾಗಲೇ ನನಗೆ ಮನಸ್ಸಿಗೆ ನಾಟಿದ್ದು.

ಗೆದ್ದ ಕಥೆ ಹೇಳುವಾಗ ಬಿಟ್ಟುಹೋಗೋದು ಏನಂದ್ರೆ ಕದನವಿರಾಮದ ಹೊತ್ತಿಗೆ ಖೇಮ್ ಕರಣ್ ಪಟ್ಟಣ ಪಾಕಿಸ್ತಾನದ ಕೈಯಲ್ಲೇ ಇತ್ತು. ತಾಷ್ಕೆಂಟ್ ಒಪ್ಪಂದ ಆದ್ಮೇಲೆ 1966ರಲ್ಲಿ ವಾಪಸ್ ಸಿಕ್ತು. ಜನ ವಾಪಸ್ ಹೋದಾಗ ಮನೆಗಳಿಗೆ ಬಾಗಿಲಿರ್ಲಿಲ್ಲ, ಕಿಟಕಿ ಇರ್ಲಿಲ್ಲ, ಕೆಲವು ಕಡೆ ಇಟ್ಟಿಗೆನೇ ಇರ್ಲಿಲ್ಲ ಅಂತ ಚಾಚಾ ಹೇಳ್ತಿದ್ರು, ಅವರ ಸೋದರಮಾವನ ಮನೆ ಅಲ್ಲೇ ಇತ್ತು. ಒಂದು ತಲೆಮಾರಲ್ಲಿ ಎರಡು ಸಲ ಮನೆ ಕಟ್ಟಿದವರು ಬೇಕಾದಷ್ಟು ಜನ ಸಿಗ್ತಾರೆ. 1971ರಲ್ಲಿ ಮತ್ತೆ ಗಂಟು ಕಟ್ಟಿದ್ರು.

ಹದಿನೈದು ಕಿಲೋಮೀಟರ್ ಒಳಗೆ ಇಬ್ಬರು

ಬೇಲಿ ಬಂದಿದ್ದು ಈ ಯುದ್ಧಗಳಿಗಲ್ಲ. 80ರ ದಶಕದ ಕೊನೆಯಲ್ಲಿ, ಉಗ್ರವಾದ ಜೋರಾಗಿದ್ದಾಗ, ಆ ಕಡೆಯಿಂದ ಎಕೆ-47 ಬರ್ತಿದೆ ಅಂತ ಕಟ್ಟೋಕೆ ಶುರು ಮಾಡಿದ್ರು, 90ರ ದಶಕದ ಮೊದಲ ವರ್ಷಗಳಲ್ಲಿ ಮುಗೀತು. ಆ ಹತ್ತು ಹನ್ನೆರಡು ವರ್ಷದ ಬಗ್ಗೆ ಅಲ್ಲಿ ಜನ ಮಾತಾಡೋದು ಬಹಳ ಕಮ್ಮಿ, ಮಾತಾಡಿದ್ರೂ "ಆವಾಗ" ಅಂತ ಅಷ್ಟೇ ಹೇಳ್ತಾರೆ. ಹಗಲು ಪೊಲೀಸರದ್ದು, ರಾತ್ರಿ ಉಗ್ರರದ್ದು. ರಾತ್ರಿ ಬಂದವರಿಗೆ ರೊಟ್ಟಿ ಕೊಡ್ಲಿಲ್ಲ ಅಂದ್ರೆ ಅವರು ಬಿಡಲ್ಲ, ಕೊಟ್ರೆ ಬೆಳಿಗ್ಗೆ ಬಂದೋರು ಬಿಡಲ್ಲ.

ಭಿಖೀವಿಂಡ್‌ನಲ್ಲಿ ಬಲ್ವಿಂದರ್ ಸಿಂಗ್ ಅಂತ ಒಬ್ಬ ಕಾಮ್ರೇಡ್ ಇದ್ದ. ಖಾಲಿಸ್ತಾನಿಗಳಿಗೆ ತಲೆಬಾಗ್ಲಿಲ್ಲ, ಊರು ಬಿಟ್ಟೂ ಓಡ್ಲಿಲ್ಲ, ಮನೆ ಮೇಲೆ ಬಂಕರ್ ಕಟ್ಕೊಂಡ. 1990ರ ಸೆಪ್ಟೆಂಬರಲ್ಲಿ ಸುಮಾರು ಇನ್ನೂರು ಜನ ರಾಕೆಟ್ ಲಾಂಚರ್ ಸಮೇತ ಮನೆ ಸುತ್ತುವರಿದಾಗ ಅವನು, ಹೆಂಡತಿ, ಅಣ್ಣ, ಅತ್ತಿಗೆ ಗಂಟೆಗಟ್ಟಲೆ ಗುಂಡು ಹಾರಿಸಿ ಹಿಮ್ಮೆಟ್ಟಿಸಿದ್ರು. 1993ರಲ್ಲಿ ಒಂದೇ ಮನೆಯ ನಾಲ್ಕೂ ಜನಕ್ಕೆ ಶೌರ್ಯ ಚಕ್ರ. 2020ರ ಅಕ್ಟೋಬರ್ 16ರಂದು ಬೈಕಲ್ಲಿ ಬಂದವರು ಅದೇ ಮನೆಗೆ ನುಗ್ಗಿ ಅವನನ್ನ ಕೊಂದ್ರು. ಅದಕ್ಕೆ ಸ್ವಲ್ಪ ಮುಂಚೆ ಸರ್ಕಾರಿ ಸೆಕ್ಯೂರಿಟಿ ವಾಪಸ್ ತಗೊಂಡಿದ್ರು.

ಅಲ್ಲಿಂದ ಗಡಿ ಕಡೆ ಹೊರಟ್ರೆ ಖಾಲ್ರಾ ಅಂತ ಊರು. ಜಸ್ವಂತ್ ಸಿಂಗ್ ಖಾಲ್ರಾ ಆ ಊರವರು, ಅಮೃತಸರದಲ್ಲಿ ಬ್ಯಾಂಕ್ ಕೆಲಸ. ಕಾಣೆಯಾದ ತಮ್ಮ ಪರಿಚಯದವರನ್ನ ಹುಡುಕ್ತಾ ಅವರು ಹೋಗಿ ನಿಂತಿದ್ದು ಸ್ಮಶಾನದ ಸೌದೆ ಲೆಕ್ಕದ ಮುಂದೆ. ವಾರಸುದಾರರಿಲ್ಲ ಅಂತ ಪೊಲೀಸರು ತಂದು ಸುಡಿಸಿದ ಹೆಣಕ್ಕೆ ಮುನ್ಸಿಪಾಲಿಟಿಯಿಂದ ಸೌದೆ ಹೋಗ್ಬೇಕು, ಸೌದೆ ಹೋದ್ರೆ ರಿಜಿಸ್ಟರಲ್ಲಿ ಬರೀಬೇಕು. ಕೊಂದಿದ್ದನ್ನ ಮುಚ್ಚಿಟ್ರು, ಸೌದೆ ಲೆಕ್ಕ ಮುಚ್ಚಿಡೋದು ಯಾರಿಗೂ ಹೊಳೀಲಿಲ್ಲ. 1995ರ ಜನವರಿಯಲ್ಲಿ ಖಾಲ್ರಾ ಇದನ್ನ ಪ್ರೆಸ್ ಮುಂದೆ ಇಟ್ರು. ಸೆಪ್ಟೆಂಬರ್ 6ಕ್ಕೆ ಮನೆ ಮುಂದೆ ಕಾರು ತೊಳೀತಿದ್ದವರನ್ನ ಎತ್ಕೊಂಡು ಹೋದ್ರು, ಅವರು ವಾಪಸ್ ಬರ್ಲೇ ಇಲ್ಲ. ಆಮೇಲೆ ಸುಪ್ರೀಂ ಕೋರ್ಟ್ ಹೇಳಿ ಸಿಬಿಐ ಎಣಿಸಿದಾಗ ಅಮೃತಸರ, ಮಜೀಠಾ, ತರನ್ ತಾರನ್ ಪೊಲೀಸ್ ಜಿಲ್ಲೆಗಳಲ್ಲೇ ಇಂಥಾ 2,097 ದಹನ. ಅದರಲ್ಲಿ 1,238 ಹೆಣ ಯಾರದ್ದು ಅಂತಾನೇ ಗೊತ್ತಿಲ್ಲ. ಖಾಲ್ರಾ ಕೊಲೆಗೆ ಪೊಲೀಸರಿಗೆ ಶಿಕ್ಷೆ ಆಯ್ತು, 2005ರಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಹೆಣವನ್ನ ಹರೀಕೆ ಹತ್ರ ಕಾಲುವೆಗೆ ಹಾಕಿದ್ರು ಅಂತ ಸಾಕ್ಷಿ ಹೇಳಿದ್ದಾನೆ.

ಈ ಇಬ್ಬರನ್ನೂ ಒಟ್ಟಿಗೆ ನೆನೆಸ್ಕೊಳ್ಳೋರು ಅಲ್ಲಿ ಕೂಡ ಕಮ್ಮಿ, ಅದೇ ನನಗೆ ವಿಚಿತ್ರ ಅನ್ಸಿದ್ದು. ಒಂದು ಮನೆಯಲ್ಲಿ ಖಾಲ್ರಾ ಫೋಟೋ, ಇನ್ನೊಂದು ಮನೆಯಲ್ಲಿ ಕಾಮ್ರೇಡ್ ಹೆಸರು ಎತ್ತಿದ್ರೆ ಗೌರವ, ಎರಡೂ ಇರೋ ಮನೆ ನನ್ನ ಕಣ್ಣಿಗೆ ಬೀಳ್ಲಿಲ್ಲ. ಇಬ್ಬರೂ ಹೊರಗಿನವರು ಹೇಳಿದ ಹಾಗೆ ಬದುಕೋಕೆ ಒಪ್ಪದವರೇ. ದೆಹಲಿಯಲ್ಲಿ ಕೂತೋರಿಗೆ ಒಬ್ಬ ಹೀರೋ ಇನ್ನೊಬ್ಬ ತಲೆನೋವು, ಕೆನಡಾದಲ್ಲಿ ಕೂತೋರಿಗೆ ಉಲ್ಟಾ. ನನಗೆ ಇಬ್ಬರ ಪರವಾಗೂ ಮಾತಾಡೋಕೆ ಯಾವ ಕಷ್ಟಾನೂ ಕಾಣಲ್ಲ.

ಹರೀಕೆಗೂ ಹೋಗಿದ್ದೆ. ಬಿಯಾಸ್ ಸತ್ಲುಜ್ ಕೂಡೋ ಜಾಗ, ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಹಕ್ಕಿಗಳು, ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅಂತ 1990ರಿಂದ ರಾಮ್ಸಾರ್ ತಾಣ. ಬಿಯಾಸ್‌ನಲ್ಲಿ ಸಿಂಧೂ ಡಾಲ್ಫಿನ್ ಇನ್ನೂ ಬದುಕಿವೆ ಅಂತ 2007ರಲ್ಲಿ ಗೊತ್ತಾಯ್ತು, ಅದೀಗ ಪಂಜಾಬಿನ ರಾಜ್ಯ ಜಲಚರ. ನಮಗೇನೂ ಕಾಣ್ಲಿಲ್ಲ, ಬಾತುಕೋಳಿ ಮಾತ್ರ. ರಾಜಸ್ಥಾನಕ್ಕೆ ನೀರು ಒಯ್ಯೋ ಇಂದಿರಾ ಗಾಂಧಿ ಕಾಲುವೆ ಹೊರಡೋದು ಇಲ್ಲಿಂದಾನೇ. ಫ್ರೆಂಡು ಬ್ಯಾರೇಜ್ ಮೇಲೆ ನಿಂತು "ನೀರು ಅವರಿಗೆ, ಹೆಣ ನಮಗೆ" ಅಂತ ಒಂದು ಮಾತು ಅಂದು ತಕ್ಷಣ ನಕ್ಕುಬಿಟ್ಟ. 2025ರ ಆಗಸ್ಟಲ್ಲಿ ನೆರೆ ಬಂದಾಗ ನೀರೂ ಇವರ ಪಾಲಿಗೇ ಬಂತು, ಅವನ ಅತ್ತೆ ಮನೆಯವರ ಭತ್ತ ಪೂರ್ತಿ ಮುಳುಗಿತ್ತು.

ಜೈಲಲ್ಲಿರೋರಿಗೆ ವೋಟು

2024ರಲ್ಲಿ ಅಸ್ಸಾಮಿನ ದಿಬ್ರುಗಢ ಜೈಲಲ್ಲಿ ಎನ್‌ಎಸ್‌ಎ ಅನ್ನೋ ರಾಷ್ಟ್ರೀಯ ಭದ್ರತಾ ಕಾಯ್ದೆ ಅಡಿ ಇದ್ದ ಖಾಲಿಸ್ತಾನ್ ಪರ ಪ್ರಚಾರಕ ಅಮೃತ್‌ಪಾಲ್ ಸಿಂಗ್ ಖಡೂರ್ ಸಾಹಿಬ್ ಲೋಕಸಭಾ ಕ್ಷೇತ್ರದಿಂದ ಸುಮಾರು 1 ಲಕ್ಷ 97 ಸಾವಿರ ವೋಟಿನ ಅಂತರದಲ್ಲಿ ಗೆದ್ದಾಗ ನಮ್ಮ ಆಫೀಸ್ ಗ್ರೂಪಲ್ಲಿ ಬಂದ ಮೆಸೇಜುಗಳನ್ನ ಇಲ್ಲಿ ಹಾಕಲ್ಲ. ಇದು ಮೊದಲನೇ ಸಲ ಅಲ್ಲ. 1989ರಲ್ಲಿ ಇದೇ ಸೀಮೆ, ಆಗ ಕ್ಷೇತ್ರದ ಹೆಸರು ತರನ್ ತಾರನ್, ಬಿಹಾರದ ಭಾಗಲ್ಪುರ ಜೈಲಲ್ಲಿದ್ದ ಸಿಮ್ರನ್‌ಜಿತ್ ಸಿಂಗ್ ಮಾನ್ ಅವರನ್ನ 4 ಲಕ್ಷ 80 ಸಾವಿರದಷ್ಟು ಅಂತರದಲ್ಲಿ ಗೆಲ್ಲಿಸಿತ್ತು. ಮಧ್ಯೆ ಅಕಾಲಿಗಳನ್ನ, ಕಾಂಗ್ರೆಸ್ಸನ್ನ ಗೆಲ್ಲಿಸಿದ್ದಾರೆ. 2019ರಲ್ಲಿ ಖಾಲ್ರಾ ಅವರ ಹೆಂಡತಿ ಪರಮ್‌ಜಿತ್ ಕೌರ್ ನಿಂತಾಗ ಎರಡು ಲಕ್ಷಕ್ಕೂ ಹೆಚ್ಚು ವೋಟು ಬಂದ್ರೂ ಸೋತ್ರು. 2025ರ ನವೆಂಬರಲ್ಲಿ ತರನ್ ತಾರನ್ ಅಸೆಂಬ್ಲಿ ಉಪಚುನಾವಣೆ ಆದಾಗ ಗೆದ್ದಿದ್ದು ಆಮ್ ಆದ್ಮಿ.

ನಾನು ಫೋನ್ ಮಾಡಿ ಫ್ರೆಂಡಿನ ಅಮ್ಮನ್ನ ಕೇಳಿದೆ, ಯಾಕೆ ಹಾಕಿದ್ರಿ ಅಂತ. ಅವರು ಖಾಲಿಸ್ತಾನದ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಊರಲ್ಲಿ ಚಿಟ್ಟಾ, ಅಂದ್ರೆ ಹೆರಾಯಿನ್ ಥರದ ನಶೆಯಿಂದ ಸತ್ತ ಹುಡುಗರ ಹೆಸರು ಒಂದೊಂದಾಗಿ ಹೇಳಿದ್ರು, ಆ ಹುಡುಗ ಅಮೃತ್‌ಪಾಲ್ ನಶೆ ಬಿಡಿಸ್ತೀನಿ ಅಂತ ಊರೂರು ತಿರುಗಿದ, ಬೇರೆ ಯಾರೂ ತಿರುಗಿಲ್ಲ ಅಂದ್ರು. ಆಮೇಲೆ, ಜೈಲಿಗೆ ಹಾಕಿದಾರಲ್ಲ, ಅಂತ ಸೇರಿಸಿದ್ರು, ಅದೂ ಒಂದು ಕಾರಣ ಅನ್ನೋ ಹಾಗೆ. ನನಗೆ ಆ ಮನುಷ್ಯನ ರಾಜಕೀಯ ಹಿಡಿಸಲ್ಲ, ಬಂದೂಕು ಹಿಡಿದವರನ್ನ ಹಿಂದೆ ಕಟ್ಕೊಂಡು ಠಾಣೆಗೆ ನುಗ್ಗೋದು ಯಾವ ಸುಧಾರಣೆನೂ ಅಲ್ಲ. ಬಲ್ವಿಂದರ್ ಸಿಂಗ್ ಮನೆ ಇರೋ ಊರಿಗೆ ಅದು ಏನು ಹೇಳುತ್ತೆ ಅಂತಾನೂ ಯೋಚ್ನೆ ಬರುತ್ತೆ. ಆದ್ರೆ ದಿನಾ ಕೈ ಎತ್ತಿ ತಪಾಸಣೆ ಮಾಡಿಸ್ಕೊಳ್ಳೋ ಜನ ಐದು ವರ್ಷಕ್ಕೊಂದ್ಸಲ ಯಾರೂ ಚೆಕ್ ಮಾಡದ ಒಂದು ಪೆಟ್ಟಿಗೆ ಮುಂದೆ ನಿಂತಾಗ ಸ್ವಲ್ಪ ಕೋಪ ಅಲ್ಲಿ ಹಾಕಿ ಬರ್ತಾರೆ ಅಂದ್ರೆ ನನಗೆ ಆಶ್ಚರ್ಯ ಆಗಲ್ಲ. ಅದನ್ನ ದೇಶದ್ರೋಹ ಅಂತ ಓದಿದ್ರೆ ಮತ್ತೆ ಅದೇ ಗೇಟು, ಅದೇ ರಿಜಿಸ್ಟರು.

ನಶೆ ವಿಷಯ ಸುಳ್ಳಲ್ಲ. ಬೇಲಿ ಮೇಲೆ ಹಾರಿ ಬರೋ ಡ್ರೋನುಗಳು 2019ರಿಂದ ಸುದ್ದಿಯಾಗ್ತಾನೇ ಇವೆ, ಹೊಲದಲ್ಲಿ ಹಳದಿ ಟೇಪ್ ಸುತ್ತಿದ ಪ್ಯಾಕೆಟ್ ಬೀಳುತ್ತೆ, ಯಾರ ಹೊಲದಲ್ಲಿ ಬಿತ್ತೋ ಅವನಿಗೆ ಮೊದಲು ಪ್ರಶ್ನೆ. 2020ರ ಜುಲೈ ಕೊನೆಗೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ರಲ್ಲ, ಅದರಲ್ಲಿ ಬಹುಪಾಲು ಈ ಜಿಲ್ಲೆಯವರೇ, ಅದಕ್ಕೆ ಪಾಕಿಸ್ತಾನ ಬೇಕಾಗಿರ್ಲಿಲ್ಲ. ಪಟ್ಟಿ ಪೇಟೆಯಲ್ಲಿ ಗೊಬ್ಬರದ ಅಂಗಡಿಗಿಂತ ಐಇಎಲ್‌ಟಿಎಸ್ ಅನ್ನೋ, ವಿದೇಶಕ್ಕೆ ಹೋಗೋರ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್ ಬೋರ್ಡು ಜಾಸ್ತಿ. ಮದುವೆಯಾದ ಆ ತಂಗಿ ಈಗ ಕೆನಡಾದ ಬ್ರ್ಯಾಂಪ್ಟನ್‌ನಲ್ಲಿದ್ದಾಳೆ.

2025ರ ಏಪ್ರಿಲ್ ಕೊನೆಗೆ, ಪಹಲ್ಗಾಮ್ ಆದ್ಮೇಲೆ, ಬೇಲಿಯಾಚೆ ಗೋಧಿಯನ್ನ ಎರಡೇ ದಿನದಲ್ಲಿ ಕೊಯ್ದುಕೊಳ್ಳಿ ಅಂತ ಗಡಿ ಹಳ್ಳಿಗಳಿಗೆ ಹೇಳಿದ್ರು, ಗುರುದ್ವಾರದ ಮೈಕಲ್ಲಿ ಕೂಗಿಸಿದ್ರು. ಚಾಚಾ ಕಂಬೈನ್ ಹಾರ್ವೆಸ್ಟರಿಗೆ ಡಬಲ್ ಬಾಡಿಗೆ ಕೊಟ್ಟು ಕಾಳು ತಂದ್ರು, ಹುಲ್ಲು ಅಲ್ಲೇ ಬಿಟ್ಟು ಬಂದ್ರು, ಆಮೇಲೆ ಗೇಟ್ ಮುಚ್ತು, ಮೇ ಮಧ್ಯ ದಾಟಿದ ಮೇಲೇ ತೆರೆದಿದ್ದು. ಎಮ್ಮೆಗೆ ಮೇವು ದುಡ್ಡು ಕೊಟ್ಟು ತಗೊಂಡ್ರು. ನಾನು ಫೋನಲ್ಲಿ ಪರಿಹಾರ ಏನಾದ್ರೂ ಜಾಸ್ತಿ ಮಾಡ್ತಾರಾ ಅಂದೆ. ಅವರು ಅದನ್ನ ಬಿಡು ಅಂದು ಬೇರೆನೇ ಲೆಕ್ಕ ಶುರು ಮಾಡಿದ್ರು. ಬೇಸಿಗೆಯಲ್ಲಿ ಗೇಟು ಬೆಳಿಗ್ಗೆ ಆರಕ್ಕೆ ತೆಗೆದ್ರೆ ಬಿಸಿಲೇರೋ ಮುಂಚೆ ಅರ್ಧ ಕೆಲಸ ಆಗುತ್ತೆ, ಕೂಲಿಯವರು ಒಪ್ತಾರೆ, ಠೇಕಾಗೆ, ಅಂದ್ರೆ ಗುತ್ತಿಗೆಗೆ, ಕೊಟ್ರೂ ಯಾರಾದ್ರೂ ತಗೋತಾರೆ, ಈಗ ಒಳಗಿನ ಹೊಲದ ಅರ್ಧ ರೇಟಿಗೂ ಯಾರೂ ಕೇಳಲ್ಲ. ಈ ಆರು ಗಂಟೆ ವಿಷಯಾನ ಅವರು ಸರಪಂಚರಿಗೆ ಹೇಳಿದ್ದಾರೆ, ವೋಟ್ ಕೇಳೋಕೆ ಬಂದ ಮೂರು ಪಾರ್ಟಿಯವರಿಗೂ ಹೇಳಿದ್ದಾರಂತೆ. ಎಲ್ಲರೂ ಬರ್ಕೊಂಡು ಹೋಗಿದ್ದಾರೆ.